ನಲವತ್ತೆರಡನೇ ದಿನದ ಆಚೆ

ಹೆರಿಗೆಯಾದ ಮೇಲಿನ 42 ದಿನಗಳನ್ನು ವೈದ್ಯಶಾಸ್ತ್ರ ಬಾಣಂತನದ ಅವಧಿ ಎಂದು ಲೆಕ್ಕ ಹಾಕುತ್ತದೆ. ತಾಯಿ ಮರಣದ ಎಣಿಕೆ ಅಲ್ಲಿಗೆ ಮುಗಿಯುತ್ತದೆ. ಬಾಣಂತಿಗಾಗಿ ಆಶಾ ಕಾರ್ಯಕರ್ತೆ ಮಾಡುವ ಮನೆ ಭೇಟಿಯ ಪಟ್ಟಿಯೂ ಅಲ್ಲಿಗೇ ಮುಗಿಯುತ್ತದೆ. ಆಸ್ಪತ್ರೆಯಲ್ಲಿ ಹೆತ್ತು ಬಂದವಳ ಮನೆಗೆ ಆಕೆ 3, 7, 14, 21, 28 ಮತ್ತು 42ನೇ ದಿನ ಹೋಗಬೇಕು. ಅವಳ ಚೀಲದಲ್ಲಿ ತೂಗುವ ತಕ್ಕಡಿ, ಥರ್ಮಾಮೀಟರ್, ಉಸಿರು ಎಣಿಸಲು ಗಡಿಯಾರ ಇರುತ್ತವೆ. ಮುಖ್ಯವಾಗಿ ಮೂರೂ ಮಗುವಿಗಾಗಿ. ತಾಯಿಗೆ ರಕ್ತ ಹೆಚ್ಚು ಹೋಗುತ್ತಿದೆಯೇ, ಜ್ವರ ಇದೆಯೇ, ಎದೆಹಾಲು ಬರುತ್ತಿದೆಯೇ ಎಂದು ವಿಚಾರಿಸಿ, ಮಗುವಿನ ತೂಕ ಬರೆದುಕೊಂಡು ಅವಳು ಮುಂದಿನ ಮನೆಗೆ ನಡೆಯುತ್ತಾಳೆ. ಸಹಜ ಹೆರಿಗೆಯಾದ, ಗಟ್ಟಿ ಮೈಯ ಹೆಂಗಸಿಗೆ ಇಷ್ಟು ಸಾಕಾದೀತು. ಹೆರಿಗೆಯಲ್ಲಿ ಜೀವ ಹೋಗಿ ಬಂದವಳಿಗೆ ಸಾಲದು. ಅವಳ ಕಾಯಿಲೆಗಳಲ್ಲಿ ಹಲವು ಹೆಸರು ಪಡೆಯುವುದೇ 42ನೇ ದಿನದ ಆಚೆ.

ಕರ್ನಾಟಕದಲ್ಲಿ ತಾಯಿ ಮರಣದ ಪ್ರಮಾಣ 2004-06ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 213 ಇತ್ತು. 2018-20ರ ಹೊತ್ತಿಗೆ 69ಕ್ಕೆ ಇಳಿಯಿತು. ಮನೆ ಹೆರಿಗೆಗಳು ಅಪರೂಪವಾದದ್ದು, 2008ರ ನವೆಂಬರ್‌ನಲ್ಲಿ ಶುರುವಾದ 108 ಆಂಬುಲೆನ್ಸ್, ಜನನಿ ಸುರಕ್ಷಾದಂಥ ಯೋಜನೆಗಳು ಎಲ್ಲದರ ಪಾಲೂ ಇದರಲ್ಲಿದೆ. ಸಾಯುವವರು ಕಡಿಮೆಯಾದರು ಎಂದರೆ ಸಾವಿನ ಅಂಚಿಗೆ ಹೋಗಿ ಉಳಿದು ಬಂದವರು ಹೆಚ್ಚಾದರು ಎಂದೂ ಅರ್ಥ. ಇಂಥವರನ್ನು ಗುರುತಿಸಿ ಪರಿಶೀಲಿಸಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲೇ ಮಾರ್ಗಸೂಚಿ ಹೊರಡಿಸಿತು. ಆದರೆ ಆ ಪರಿಶೀಲನೆ ನೋಡುವುದು ಆಸ್ಪತ್ರೆಯಲ್ಲಿ ಏನಾಯಿತು ಎಂಬುದನ್ನು. ಮನೆಗೆ ಹೋದ ಮೇಲೆ ಅವಳೇನಾದಳು ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಊರಿನಲ್ಲಿ ಅವಳಿಗೆ ಸಿಗುವ ಬಿರುದು ಒಂದೇ: ಗಟ್ಟಿಗಿತ್ತಿ. ಈ ಹೊಗಳಿಕೆಯಿಂದ ಅನುಕೂಲಕ್ಕಿಂತ ಅನನುಕೂಲವೇ ಹೆಚ್ಚು. ಗಟ್ಟಿಗಿತ್ತಿ ಅನ್ನಿಸಿಕೊಂಡವಳು ಸುಸ್ತು ಎನ್ನಲಾರಳು, ಭಯ ಎನ್ನಲಾರಳು, ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎನ್ನಲಾರಳು. ಚೇತರಿಕೆ ಎಂಬುದು ಹೆಣ್ಣಿನ ಸ್ವಭಾವದಲ್ಲಿ ಅಡಗಿರುವ ಗುಣವಲ್ಲ. ರಕ್ತ, ನಿದ್ದೆ, ಔಷಧಿ, ತಪಾಸಣೆ ಮತ್ತು ಅವಳ ಮಾತನ್ನು ನಂಬುವ ಮನೆ, ಇವಿಷ್ಟನ್ನೂ ಯಾರಾದರೂ ಒದಗಿಸಬೇಕಾಗುತ್ತದೆ.

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯಂಥ ಊರಿನಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಶಿವನಸಮುದ್ರದ ನೆರೆಯ ಈ ಕಾವೇರಿ ಸೀಮೆಯಲ್ಲಿ ಭತ್ತ, ಕಬ್ಬು, ರೇಷ್ಮೆ ಬದುಕಿನ ಆಧಾರ. ತೊಡಕಿನ ಹೆರಿಗೆ ಎಂದರೆ ಮೊದಲು ಮಳವಳ್ಳಿಯ ತಾಲ್ಲೂಕು ಆಸ್ಪತ್ರೆ. ಅಲ್ಲಿ ಆಗದಿದ್ದರೆ ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಚೆಲುವಾಂಬ ಆಸ್ಪತ್ರೆ. ಹೊಳೆಯ ಆಚೆ ಕೊಳ್ಳೇಗಾಲ ಹತ್ತಿರವಾದರೂ ಅದು ಚಾಮರಾಜನಗರ ಜಿಲ್ಲೆ. ಪ್ರಸವದ ಸಾವುಗಳಿಗೆ ಮೂರು ತಡಗಳು ಕಾರಣ ಎಂದು 1994ರಲ್ಲಿ ತಡ್ಡಿಯಸ್ ಮತ್ತು ಮೇಯ್ನ್ ಎಂಬ ಸಂಶೋಧಕರು ವಿವರಿಸಿದ್ದರು: ಹೋಗಬೇಕೆಂದು ತೀರ್ಮಾನಿಸುವಲ್ಲಿನ ತಡ, ತಲುಪುವಲ್ಲಿನ ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗುವಲ್ಲಿನ ತಡ. ಹೆರಿಗೆಯ ಹೊತ್ತಿಗೆ 108 ಇದೆ, ಎರಡನೆಯ ತಡ ಕಡಿಮೆಯಾಗಿದೆ. ಹೆರಿಗೆಯ ನಂತರದ ಕಾಯಿಲೆಗೆ ಮಾತ್ರ ಮೂರು ತಡಗಳೂ ಹಾಗೇ ಉಳಿದಿವೆ. ಹೋಗಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. ಅನ್ನಿಸಿದರೂ ಹಾಲು ಕುಡಿಯುವ ಮಗುವನ್ನು ಎತ್ತಿಕೊಂಡು ಎರಡು ಬಸ್ಸು ಬದಲಿಸಬೇಕು. ಹೋದರೆ ಯಾವ ವಿಭಾಗದ ಚೀಟಿ ಮಾಡಿಸಬೇಕೆಂದೇ ತಿಳಿಯುವುದಿಲ್ಲ.

ಪ್ರಸವದ ಆಘಾತಗಳಲ್ಲಿ ಮೊದಲು ಹೇಳಬೇಕಾದದ್ದು ರಕ್ತಸ್ರಾವ. ಹೆರಿಗೆಯಾದ 24 ಗಂಟೆಯಲ್ಲಿ ಅರ್ಧ ಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದರೆ ಅದನ್ನು ಪ್ರಸವೋತ್ತರ ರಕ್ತಸ್ರಾವ ಎಂದು, ಒಂದು ಲೀಟರ್ ದಾಟಿದರೆ ತೀವ್ರ ಎಂದು ಪರಿಗಣಿಸುತ್ತ ಬರಲಾಗಿದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1.4 ಕೋಟಿ ಹೆಂಗಸರಿಗೆ ಹೀಗಾಗುತ್ತದೆ, ಸುಮಾರು 70 ಸಾವಿರ ಮಂದಿ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅಂದಾಜಿಸಿತ್ತು. ಅಂದರೆ ಬಹುಪಾಲು ಮಂದಿ ಉಳಿಯುತ್ತಾರೆ. ಮಾಸು ಬಿದ್ದ ಮೇಲೆ ಗರ್ಭಕೋಶ ಬಿಗಿದುಕೊಳ್ಳಬೇಕು. ಬಿಗಿದುಕೊಂಡಾಗ ಮಾತ್ರ ಒಳಗಿನ ರಕ್ತನಾಳಗಳು ಮುಚ್ಚುತ್ತವೆ. ಅದು ಸಡಿಲವಾಗಿ ಉಳಿದರೆ, ಮಾಸಿನ ಚೂರು ಒಳಗುಳಿದರೆ, ಎಲ್ಲಾದರೂ ಹರಿದಿದ್ದರೆ ಅಥವಾ ರಕ್ತ ಹೆಪ್ಪುಗಟ್ಟುವ ಗುಣ ಕಳೆದುಕೊಂಡರೆ ಸ್ರಾವ ನಿಲ್ಲುವುದಿಲ್ಲ. ಇದನ್ನು ಹಳ್ಳಿಯ ಮಟ್ಟದಲ್ಲೇ ತಡೆಯಬಹುದು ಎಂದು ತೋರಿಸಿದ್ದು ಕರ್ನಾಟಕದ್ದೇ ಒಂದು ಪ್ರಯೋಗ. ಬೆಳಗಾವಿ ಜಿಲ್ಲೆಯ ಗ್ರಾಮಗಳಲ್ಲಿ 1,620 ಹೆಂಗಸರ ಮೇಲೆ ನಡೆದು 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಹಾಯಕ ನರ್ಸುಗಳು ಕೊಟ್ಟ ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ರಕ್ತಸ್ರಾವದ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿದಿತ್ತು.

ರಕ್ತ ನಿಂತ ಮೇಲೆ, ಒಂದೆರಡು ಬಾಟಲಿ ರಕ್ತ ಹಾಕಿಸಿಕೊಂಡು ಬಂದ ಮೇಲೆ, "ಎರಡು ಜೀವವೂ ಉಳೀತಲ್ಲ, ಸಾಕು" ಎಂಬಲ್ಲಿಗೆ ಮನೆಯವರ ಆತಂಕ ಮುಗಿಯುತ್ತದೆ. ದೇಹದ ಲೆಕ್ಕ ಬೇರೆ. ಹಿಮೊಗ್ಲೋಬಿನ್ 10 ಗ್ರಾಂ ಇರುವ ಬಸುರಿ ಒಂದು ಲೀಟರ್ ರಕ್ತ ಕಳೆದುಕೊಂಡರೆ ಅದರ ಜೊತೆ ಸುಮಾರು 340 ಮಿಲಿಗ್ರಾಂ ಕಬ್ಬಿಣಾಂಶ ಹೋಗುತ್ತದೆ. ಸರ್ಕಾರ ಕೊಡುವ ಕಬ್ಬಿಣದ ಮಾತ್ರೆಯಲ್ಲಿರುವುದು 60 ಮಿಲಿಗ್ರಾಂ; ಅದರಲ್ಲಿ ಕರುಳು ಹೀರಿಕೊಳ್ಳುವುದು ಸಣ್ಣ ಪಾಲು. ಆದ್ದರಿಂದಲೇ ಹೆರಿಗೆಯ ಮೇಲೂ 180 ದಿನ ಮಾತ್ರೆ ನುಂಗಬೇಕೆಂಬ ನಿಯಮ. ಮಲ ಕಪ್ಪಗಾಗುತ್ತದೆ, ಹೊಟ್ಟೆ ತೊಳಸುತ್ತದೆ ಎಂದು ಬಹಳ ಮಂದಿ ಹದಿನೈದು ದಿನಕ್ಕೇ ನಿಲ್ಲಿಸುತ್ತಾರೆ. ಊಟದ ಹಿಂದೆಯೇ ಕಾಫಿ, ಟೀ ಕುಡಿದರೆ ಮಾತ್ರೆಯ ಫಲ ಇನ್ನೂ ಕುಗ್ಗುತ್ತದೆ. ಮುದ್ದೆ, ಬಸ್ಸಾರಿನ ಊಟಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಮೈಗೆ ಹತ್ತುವುದು ಸುಲಭ. ಮಾತ್ರೆ ಒಗ್ಗದವರಿಗೆ, ಹಿಮೊಗ್ಲೋಬಿನ್ ತೀರಾ ಕೆಳಗಿರುವವರಿಗೆ ನರದ ಮೂಲಕ ಕಬ್ಬಿಣ ಕೊಡುವ ವ್ಯವಸ್ಥೆಯೂ ಇದೆ. ಮಗುವಿಗೆ ಆರು ತಿಂಗಳಾದರೂ ಮೆಟ್ಟಿಲು ಹತ್ತಲು ಏದುಸಿರು ಬಿಡುವ, ಕೊಡ ನೀರು ಎತ್ತಲಾಗದ ಬಾಣಂತಿಯನ್ನು ಸೋಮಾರಿ ಎನ್ನುವ ಮೊದಲು ಮಾಡಿಸಬೇಕಾದದ್ದು ಒಂದು ರಕ್ತ ಪರೀಕ್ಷೆ.

ರಕ್ತಹೀನತೆ ಸರಿಹೋದ ಮೇಲೂ ಸುಸ್ತು ಹೋಗದಿದ್ದರೆ ಇನ್ನೊಂದು ಕಾಯಿಲೆಯನ್ನು ನೆನೆಯಬೇಕು. ಬ್ರಿಟಿಷ್ ವೈದ್ಯ ಹೆರಾಲ್ಡ್ ಶೀಹಾನ್ 1937ರಲ್ಲಿ ವಿವರಿಸಿದ್ದರಿಂದ ಅದಕ್ಕೆ ಶೀಹಾನ್ ಸಿಂಡ್ರೋಮ್ ಎಂದೇ ಹೆಸರು. ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ದಪ್ಪದ ಪಿಟ್ಯುಟರಿ ಗ್ರಂಥಿ ಇದೆ. ಬಸುರಿನಲ್ಲಿ ಅದು ಊದಿಕೊಂಡು ಹೆಚ್ಚು ರಕ್ತ ಬೇಡುತ್ತದೆ. ಅದೇ ಹೊತ್ತಿಗೆ ಮೈಯ ರಕ್ತವೆಲ್ಲ ಹರಿದು ಬಿಪಿ ಕುಸಿದರೆ ಗ್ರಂಥಿಯ ಜೀವಕೋಶಗಳು ಸಾಯುತ್ತವೆ. ಎದೆಹಾಲು, ಮುಟ್ಟು, ಥೈರಾಯ್ಡ್, ಒತ್ತಡ ತಾಳುವ ಕಾರ್ಟಿಸಾಲ್ ಎಲ್ಲಕ್ಕೂ ಆಜ್ಞೆ ಹೋಗುವುದು ಅಲ್ಲಿಂದ. ಆಜ್ಞೆ ನಿಂತರೆ ಒಂದೊಂದೇ ಕೆಲಸ ನಿಲ್ಲುತ್ತದೆ. ಮೊದಲು ಹಾಲು ಇಳಿಯುವುದಿಲ್ಲ. ಮುಟ್ಟು ಮರಳುವುದಿಲ್ಲ. ಕಂಕುಳಿನ ಕೂದಲು ಉದುರುತ್ತದೆ, ಬಿಸಿಲಿನಲ್ಲೂ ಚಳಿ, ಮೈ ಒಣಗುತ್ತದೆ, ಮಾತು ನಿಧಾನವಾಗುತ್ತದೆ. ಇವೆಲ್ಲ ಒಂದೇ ದಿನ ಬರುವುದಿಲ್ಲವಾದ್ದರಿಂದ ಎಷ್ಟೋ ವರ್ಷ ಕಾಯಿಲೆಗೆ ಹೆಸರೇ ಸಿಗುವುದಿಲ್ಲ. ಕಾಶ್ಮೀರದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಅಲ್ಲಿನ ಹೆತ್ತ ಹೆಂಗಸರಲ್ಲಿ ಸುಮಾರು ಶೇ 3ರಷ್ಟು ಮಂದಿಗೆ ಈ ತೊಂದರೆ ಇರಬಹುದೆಂದು ಅಂದಾಜಿಸಿತ್ತು. ಅವರಲ್ಲಿ ಹೆಚ್ಚಿನವರಿಗೆ ಮನೆಯಲ್ಲೇ ಹೆರಿಗೆಯಾಗಿತ್ತು.

ನಮ್ಮ ಕಡೆ ಈ ಲಕ್ಷಣಗಳಿಗೆಲ್ಲ ಸಿದ್ಧ ಉತ್ತರವೊಂದಿದೆ: "ಬಾಣಂತನ ಸರಿಯಾಗಿ ಆಗಿಲ್ಲ ಕಣವ್ವ." ಸೊಂಟನೋವಿಗೂ ಇದೇ, ತಲೆಸುತ್ತಿಗೂ ಇದೇ, ಮುಟ್ಟು ನಿಂತದ್ದಕ್ಕೂ ಇದೇ. ಈ ಉತ್ತರ ಒಂದು ಕಡೆ ತವರಿನವರ ಮೇಲೆ ತಪ್ಪು ಹೊರಿಸುತ್ತದೆ, ಇನ್ನೊಂದು ಕಡೆ ರೋಗವನ್ನು ಮುಚ್ಚಿಡುತ್ತದೆ. ವೈದ್ಯರ ಬಳಿ ಹೋದರೂ ಕಾಯಿಲೆ ತಪ್ಪಿಸಿಕೊಳ್ಳಬಹುದು. ಸುಸ್ತು ಎಂದವಳಿಗೆ ಸಾಮಾನ್ಯವಾಗಿ ಬರೆದುಕೊಡುವುದು ಥೈರಾಯ್ಡ್ ಕುಂದಿದರೆ ಅಂಕಿ ಏರುವ ಟಿಎಸ್‌ಎಚ್ ಪರೀಕ್ಷೆ. ಆದರೆ ಟಿಎಸ್‌ಎಚ್ ತಯಾರಾಗುವುದೇ ಪಿಟ್ಯುಟರಿಯಲ್ಲಿ. ಗ್ರಂಥಿಯೇ ಕೆಟ್ಟಿರುವಾಗ ಆ ಅಂಕಿ ಏರುವುದಿಲ್ಲ. ವರದಿ ನಾರ್ಮಲ್ ಎಂದೇ ಬರಬಹುದು. ಥೈರಾಯ್ಡ್ ಹಾರ್ಮೋನನ್ನೇ ಅಳೆಯುವ ಫ್ರೀ ಟಿ4 ಮತ್ತು ಬೆಳಗಿನ ಕಾರ್ಟಿಸಾಲ್ ನೋಡಿದರಷ್ಟೇ ಗುಟ್ಟು ಹೊರಬೀಳುತ್ತದೆ. ಚಿಕಿತ್ಸೆಯಲ್ಲೂ ಒಂದು ಕ್ರಮವಿದೆ. ಮೊದಲು ಕಾರ್ಟಿಸಾಲ್ ಕೊರತೆ ತುಂಬುವ ಹೈಡ್ರೊಕಾರ್ಟಿಸೋನ್, ಆಮೇಲೆ ಥೈರಾಯ್ಡ್ ಮಾತ್ರೆ. ಹಿಂದುಮುಂದಾದರೆ ಪ್ರಾಣಕ್ಕೇ ಅಪಾಯ.

ಇಂಥ ಕಡೆ ಒಂದು ಕಾಗದಕ್ಕೆ ಎಲ್ಲಿಲ್ಲದ ಬೆಲೆ ಬರುತ್ತದೆ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಡಿಸ್ಚಾರ್ಜ್ ಚೀಟಿಯಲ್ಲಿ 'ಪಿಪಿಎಚ್' ಎಂಬ ಮೂರಕ್ಷರ, ಎಷ್ಟು ಯೂನಿಟ್ ರಕ್ತ ಹಾಕಿದರು ಎಂಬ ಅಂಕಿ, ಬಿಪಿ ಎಲ್ಲಿಗೆ ಇಳಿದಿತ್ತು ಎಂಬ ಟಿಪ್ಪಣಿ ಇರುತ್ತದೆ. ಪಿಪಿಎಚ್ ಎಂದರೆ ಪ್ರಸವೋತ್ತರ ರಕ್ತಸ್ರಾವ. ಐದು ವರ್ಷದ ಮೇಲೆ ಸುಸ್ತು ಎಂದು ಹೋದಾಗ ಈ ಚೀಟಿಯನ್ನು ವೈದ್ಯರ ಮುಂದಿಟ್ಟರೆ ರೋಗದ ಜಾಡು ಕೂಡಲೇ ಸಿಕ್ಕೀತು. ಆದರೆ ಚೀಟಿ ಇರುವುದು ಇಂಗ್ಲಿಷಿನಲ್ಲಿ, ಅದೂ ಸಂಕ್ಷಿಪ್ತಾಕ್ಷರಗಳಲ್ಲಿ. ಮಗುವಿನ ಲಸಿಕೆ ಮುಗಿಯುವತನಕ ಸರ್ಕಾರ ಬಸುರಿಯರಿಗೆ ಕೊಡುವ 'ತಾಯಿ ಕಾರ್ಡಿ'ನೊಳಗೆ ಮಡಿಸಿಟ್ಟ ಅದು ಆಮೇಲೆ ಎಲ್ಲೋ ಸೇರಿಹೋಗುತ್ತದೆ. ತನಗೆ ಏನಾಗಿತ್ತು ಎಂದು ಕೇಳಿದರೆ ಆಕೆ ಹೇಳಬಲ್ಲದ್ದು "ರಕ್ತ ಜಾಸ್ತಿ ಹೋಗಿತ್ತಂತೆ" ಎಂದಷ್ಟೇ. ಏನಾಯಿತು, ಏಕಾಯಿತು, ಮುಂದೆ ಏನನ್ನು ಗಮನಿಸಬೇಕು ಎಂಬುದನ್ನು ಬಿಡುಗಡೆಯ ದಿನ ಹತ್ತು ನಿಮಿಷ ಕನ್ನಡದಲ್ಲಿ ಹೇಳುವ ಪದ್ಧತಿ ಬಂದರೆ ಅದೇ ಚೇತರಿಕೆಯ ಮೊದಲ ಹೆಜ್ಜೆ.

ರಕ್ತಸ್ರಾವವಿಲ್ಲದೆಯೂ ಹೆರಿಗೆ ದೀರ್ಘ ಕಾಯಿಲೆಯನ್ನು ಬಿಟ್ಟು ಹೋಗಬಹುದು. ಬಸುರಿನಲ್ಲಿ ಬಿಪಿ ಏರಿ ಮೂರ್ಛೆಯ ಹಂತಕ್ಕೆ ಹೋದವರಿಗೆ ಮುಂದೆ ಹೃದ್ರೋಗ, ಪಾರ್ಶ್ವವಾಯುವಿನ ಅಪಾಯ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಬಸುರಿನ ಸಕ್ಕರೆ ಕಾಯಿಲೆಯ ವಿಷಯದಲ್ಲಿ ಮೈಸೂರಿನಲ್ಲೇ ಪುರಾವೆ ಸಿಕ್ಕಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸುರಿಯರಾಗಿದ್ದವರನ್ನು ಐದು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ, ಬಸುರಿನಲ್ಲಿ ಸಕ್ಕರೆ ಏರಿದ್ದವರ ಪೈಕಿ ಶೇ 37ರಷ್ಟು ಮಂದಿಗೆ ಖಾಯಂ ಸಕ್ಕರೆ ಕಾಯಿಲೆ ಬಂದಿತ್ತು. ಏರದಿದ್ದವರಲ್ಲಿ ಅದು ಶೇ 2 ಮಾತ್ರ. ಹೆರಿಗೆಯಾದ ಕೂಡಲೇ ಸಕ್ಕರೆ ಇಳಿಯುವುದರಿಂದ 'ವಾಸಿಯಾಯಿತು' ಎಂದುಕೊಂಡು ಮತ್ತೆ ಪರೀಕ್ಷೆ ಮಾಡಿಸದವರೇ ಹೆಚ್ಚು. ಬಹಳ ಹೊತ್ತು ತ್ರಾಸಪಟ್ಟು ಹೆತ್ತವರಿಗೆ ಗರ್ಭಕೋಶ ಜಾರುವುದು, ಕೆಮ್ಮಿದರೆ ಮೂತ್ರ ಸೋರುವುದು ಇನ್ನೊಂದು ಬಗೆ. ಗದ್ದೆಯಲ್ಲಿ ನಾಟಿಗೆ ಬಗ್ಗುವವಳು, ಕಬ್ಬಿನ ಹೊರೆ ಹೊರುವವಳು ಇದನ್ನು ನಾಚಿಕೆಗೆ ಯಾರಿಗೂ ಹೇಳದೆ ವರ್ಷಾನುಗಟ್ಟಲೆ ಸಹಿಸುತ್ತಾಳೆ. ಮೊದಲ ವರ್ಷದಲ್ಲೇ ಫಿಸಿಯೊಥೆರಪಿಯ ವ್ಯಾಯಾಮದಿಂದ ಬಹುತೇಕ ಹತೋಟಿಗೆ ಬರಬಹುದಾದದ್ದು ಹೀಗೆ ಆಪರೇಷನ್ನಿನ ತನಕ ಹೋಗುತ್ತದೆ.

ಮೈಯ ಗಾಯದ ಜೊತೆಗೇ ಮನಸ್ಸಿಗೂ ಗಾಯವಾಗಿರುತ್ತದೆ. ಹೆರಿಗೆಯಾದ ಮೂರು ನಾಲ್ಕನೇ ದಿನ ಬರುವ ಅಳು ಎರಡು ವಾರದಲ್ಲಿ ತಾನಾಗಿ ಹೋಗುತ್ತದೆ, ಅದು ಕಾಯಿಲೆಯಲ್ಲ. ಎರಡು ವಾರ ಮೀರಿ ಉಳಿಯುವ ಖಿನ್ನತೆ ಕಾಯಿಲೆ. ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಬಾಣಂತಿಯರಲ್ಲಿ ಅದರ ಪ್ರಮಾಣ ಸುಮಾರು ಶೇ 22. ಆಘಾತದ ನೆನಪಿನ ಕಾಯಿಲೆ ಇನ್ನೊಂದು. ಯುದ್ಧ, ಅಪಘಾತ ಕಂಡವರಿಗೆ ಬರುವ ಪಿಟಿಎಸ್‌ಡಿ ಹೆರಿಗೆಯಿಂದಲೂ ಬರುತ್ತದೆ: ಎಲ್ಲ ಬಾಣಂತಿಯರಲ್ಲಿ ಸುಮಾರು ಶೇ 4, ತೊಡಕಿನ ಹೆರಿಗೆಯಂಥ ಹೆಚ್ಚಿನ ಅಪಾಯದ ಗುಂಪುಗಳಲ್ಲಿ ಶೇ 18ರ ಆಸುಪಾಸು. ಕಣ್ಣು ಮುಚ್ಚಿದರೆ ಆ ಕೋಣೆ, ಆ ದೀಪ, ಯಾರೋ ಗದರಿದ ಮಾತು ಎದುರಿಗೆ ಬರುತ್ತದೆ. ಡೆಟಾಲ್ ವಾಸನೆಗೆ ಬೆವರುತ್ತಾಳೆ. ಮಗುವಿನ ಲಸಿಕೆಗೂ ಆಸ್ಪತ್ರೆಯ ಮೆಟ್ಟಿಲು ಹತ್ತಲು ಒಲ್ಲೆ ಎನ್ನುತ್ತಾಳೆ. ಗಂಡನನ್ನು ಹತ್ತಿರ ಸೇರಿಸುವುದಿಲ್ಲ. ಮನೆಯವರ ಕಣ್ಣಿಗೆ ಇದು ಹಠ, ಕೊಬ್ಬು. ಹೆರಿಗೆ ಎಷ್ಟು ಅಪಾಯಕಾರಿಯಾಗಿತ್ತು ಎಂಬುದಷ್ಟೇ ಇದನ್ನು ನಿರ್ಧರಿಸುವುದಿಲ್ಲ. ಆ ಹೊತ್ತಿನಲ್ಲಿ ಅವಳನ್ನು ಮನುಷ್ಯಳಂತೆ ನಡೆಸಿಕೊಂಡರೇ, ಏನಾಗುತ್ತಿದೆ ಎಂದು ಹೇಳಿದರೇ ಎಂಬುದಕ್ಕೂ ಅಷ್ಟೇ ತೂಕವಿದೆ. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ನೆಂಟರ ಹೆಂಗಸೊಬ್ಬಳು ಜೊತೆಗಿರಬಹುದೆಂದು ಕೇಂದ್ರ 2016ರಲ್ಲೇ ಒಪ್ಪಿದೆ. ಕೈ ಹಿಡಿದುಕೊಳ್ಳಲು ಒಬ್ಬರಿದ್ದರೆ ಎಷ್ಟೋ ಆಘಾತ ಆಗುವ ಮೊದಲೇ ತಪ್ಪುತ್ತದೆ.

ಹುಟ್ಟಿದ್ದು ಹೆಣ್ಣು ಎಂಬ ಅಸಮಾಧಾನ ಮನೆಯಲ್ಲಿದ್ದರೆ ಈ ಎಲ್ಲವೂ ಇಮ್ಮಡಿಯಾಗುತ್ತದೆ. ಗೋವಾದಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನ, ಬಡತನ, ಗಂಡನ ಹಿಂಸೆ ಮತ್ತು ಗಂಡು ಮಗುವಿನ ಆಸೆ ಬಾಣಂತಿಯ ಖಿನ್ನತೆಯೊಂದಿಗೆ ಹೇಗೆ ಹೆಣೆದುಕೊಂಡಿವೆ ಎಂದು ತೋರಿಸಿತು. ಮಂಡ್ಯ ಜಿಲ್ಲೆಗೆ ಇದು ದೂರದ ಮಾತಲ್ಲ. 2023ರಲ್ಲಿ ಬಯಲಿಗೆ ಬಂದ ಭ್ರೂಣಲಿಂಗ ಪತ್ತೆ ಜಾಲ ಸ್ಕ್ಯಾನಿಂಗ್ ನಡೆಸುತ್ತಿದ್ದದ್ದು ಇದೇ ಜಿಲ್ಲೆಯ ಆಲೆಮನೆಯೊಂದರಲ್ಲಿ.

ಮನಸ್ಸಿನ ಕಾಯಿಲೆಗಳಲ್ಲಿ ಮೂರನೆಯದು, ಹಿರಿಯರು ಬಾಣಂತಿ ಸನ್ನಿ ಎನ್ನುವ ಸ್ಥಿತಿ. ಸಾವಿರ ಹೆರಿಗೆಗೆ ಒಂದೆರಡು ಮಂದಿಗೆ, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ, ನಿದ್ದೆ ಹಾರಿಹೋಗಿ, ಇಲ್ಲದ ದನಿಗಳು ಕೇಳಿ, ಮಗುವಿನ ಬಗ್ಗೆ ವಿಚಿತ್ರ ಅನುಮಾನಗಳು ಹುಟ್ಟುತ್ತವೆ. ಗಾಳಿ ಸೋಕಿತೆಂದು ತಾಯತ ಕಟ್ಟಿಸುತ್ತ ಕಳೆಯುವ ದಿನಗಳಲ್ಲಿ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯವಿರುತ್ತದೆ. ಚಿಕಿತ್ಸೆ ಸಿಕ್ಕರೆ ಬಹುಪಾಲು ಮಂದಿ ಪೂರ್ತಿ ಗುಣವಾಗುತ್ತಾರೆ. ಕನ್ನಡದಲ್ಲಿ ಇದನ್ನು ಮನೆಮಾತಾಗಿಸಿದ್ದು ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ್ದ ತ್ರಿವೇಣಿಯವರ 'ಶರಪಂಜರ' ಕಾದಂಬರಿ, ಆಮೇಲೆ ಪುಟ್ಟಣ್ಣ ಕಣಗಾಲರ ನಿರ್ದೇಶನದಲ್ಲಿ ಕಲ್ಪನಾ ನಟಿಸಿದ ಸಿನಿಮಾ. ಕಥಾನಾಯಕಿ ಕಾವೇರಿಯ ಹುಚ್ಚನ್ನು ಎಲ್ಲರೂ ನೆನೆಯುತ್ತಾರೆ. ತ್ರಿವೇಣಿ ನಿಜಕ್ಕೂ ಒತ್ತು ಕೊಟ್ಟದ್ದು ಅವಳು ಗುಣವಾದ ನಂತರದ ದಿನಗಳಿಗೆ. ಆಸ್ಪತ್ರೆಯಿಂದ ವಾಸಿಯಾಗಿ ಬಂದವಳನ್ನು ಮನೆ ನಂಬುವುದಿಲ್ಲ, ಗಂಡ ಹತ್ತಿರ ಬರುವುದಿಲ್ಲ, ನೆರೆಯವರು ಕದ್ದು ನೋಡುತ್ತಾರೆ. ಅವಳನ್ನು ಎರಡನೇ ಸಲ ಕೆಡವಿದ್ದು ಕಾಯಿಲೆಗಿಂತ ಹೆಚ್ಚಾಗಿ ಆ ಅನುಮಾನ. ಸ್ವತಃ ತ್ರಿವೇಣಿ 1963ರ ಜುಲೈ 29ರಂದು, ಮಗಳನ್ನು ಹೆತ್ತ ಕೆಲವೇ ದಿನಗಳಿಗೆ, ಶ್ವಾಸಕೋಶದ ರಕ್ತನಾಳಕ್ಕೆ ಹೆಪ್ಪುಗಟ್ಟಿದ ರಕ್ತ ಅಡ್ಡಬಂದು ತೀರಿಕೊಂಡರು. ವಯಸ್ಸು 34.

ಹೀಗೆ ರಕ್ತ ಹೆಪ್ಪುಗಟ್ಟುವ ಅಪಾಯ ಬಾಣಂತನದ ಮೊದಲ ಆರು ವಾರಗಳಲ್ಲಿ ಎಲ್ಲರಿಗೂ ಸಾಮಾನ್ಯಕ್ಕಿಂತ ಹೆಚ್ಚು. ಸಿಸೇರಿಯನ್ ಆದವರಿಗೆ ಇನ್ನೂ ಹೆಚ್ಚು. ಒಂದೇ ಕಾಲು ಊದಿಕೊಂಡು ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆ ಹಿಡಿಯುವುದು ಕಂಡರೆ ತಡಮಾಡಬಾರದು. ಬಾಣಂತನದ ಪದ್ಧತಿಗಳನ್ನು ಅಳೆಯಬೇಕಾದದ್ದು ಈ ಬೆಳಕಿನಲ್ಲಿ. ತವರಿನ ಆಸರೆ, ಮನೆಗೆಲಸದಿಂದ ಬಿಡುವು, ಎಣ್ಣೆ ನೀವಿ ಬಿಸಿನೀರು ಎರೆಯುವುದು, ಮಗುವನ್ನು ಅಜ್ಜಿ ಎತ್ತಿಕೊಂಡು ತಾಯಿಯನ್ನು ಮಲಗಿಸುವುದು, ಇವುಗಳಲ್ಲಿ ಯಾವುದನ್ನೂ ಬಿಡಬೇಕಾಗಿಲ್ಲ. ನಿದ್ದೆಗಿಂತ ದೊಡ್ಡ ಔಷಧಿ ಬಾಣಂತಿಯ ಮನಸ್ಸಿಗೆ ಇನ್ನೊಂದಿಲ್ಲ. ಆದರೆ ನೀರು ಕುಡಿದರೆ ಹೊಟ್ಟೆ ದಪ್ಪವಾಗುತ್ತದೆ, ನಂಜಾಗುತ್ತದೆ ಎಂದು ಬಾಯಾರಿಸುವುದು, ಸೊಪ್ಪು ತರಕಾರಿ ಹಣ್ಣು ಶೀತವೆಂದು ಬರೀ ಅನ್ನ, ಮೆಣಸಿನ ಸಾರಿನಲ್ಲಿ ದಿನ ದೂಡುವುದು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಹೊಗೆ ಹಾಕುವುದು, ಮಂಚ ಬಿಟ್ಟು ಏಳಗೊಡದಿರುವುದು ಅಪಾಯ. ನೀರಿಲ್ಲದ, ಅಲುಗಾಡದ ದೇಹದಲ್ಲಿ ರಕ್ತ ಹೆಪ್ಪುಗಟ್ಟುವುದು ಸುಲಭ. ರಕ್ತ ಕಳೆದುಕೊಂಡವಳಿಗೆ ಸೊಪ್ಪು, ಕಾಳು, ಮೊಟ್ಟೆ, ಮಾಂಸ ಬೇಕೇ ಬೇಕು. ಇನ್ನೊಂದು ಕೊರತೆ, ಬಾಣಂತನ ಮುಗಿಸಿ ಗಂಡನ ಮನೆಗೆ ಹೋದ ದಿನವೇ ಈ ಆಸರೆಯೆಲ್ಲ ಒಟ್ಟಿಗೆ ನಿಂತುಹೋಗುವುದು. ದೀರ್ಘ ಕಾಯಿಲೆ ಇರುವವಳಿಗೆ ಆ ಬದಲಾವಣೆ ಮೆಲ್ಲಗೆ, ಹಂತ ಹಂತವಾಗಿ ಆಗಬೇಕು.

ಮನಸ್ಸಿನ ತೊಂದರೆಯನ್ನು ಕಂಡುಹಿಡಿಯಲು ದೊಡ್ಡ ಯಂತ್ರ ಬೇಕಿಲ್ಲ. 1987ರಲ್ಲಿ ಬಂದ ಎಡಿನ್‌ಬರ್ಗ್ ಪ್ರಶ್ನಾವಳಿಯಲ್ಲಿರುವುದು ಹತ್ತೇ ಪ್ರಶ್ನೆ, ಕಳೆದ ಏಳು ದಿನದ ಬಗ್ಗೆ. ಕನ್ನಡದ ಆವೃತ್ತಿಯೂ ಇದೆ. ನಗು ಬರುತ್ತದೆಯೇ, ಕಾರಣವಿಲ್ಲದೆ ಗಾಬರಿಯಾಗುತ್ತದೆಯೇ, ಬೇಸರಕ್ಕೆ ನಿದ್ದೆ ಕೆಡುತ್ತದೆಯೇ ಎಂಬಂಥವು. ಕೊನೆಯ ಪ್ರಶ್ನೆ ಜೀವಕ್ಕೆ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂಬುದು. ಇವನ್ನು ಅತ್ತೆ ಬಾಗಿಲಲ್ಲಿ ನಿಂತಿರುವಾಗ ಕೇಳಿದರೆ ಎಲ್ಲಕ್ಕೂ "ಏನಿಲ್ಲ" ಎಂಬ ಉತ್ತರವೇ ಬರುತ್ತದೆ. ಮಗುವನ್ನು ತೂಗುವ ನೆವದಲ್ಲಿ ಉಳಿದವರನ್ನು ಹೊರಗೆ ಕಳಿಸಿ ಕೇಳುವ ಆಶಾ ಕಾರ್ಯಕರ್ತೆಗೆ ನಿಜ ತಿಳಿಯುತ್ತದೆ. ಮನೋವೈದ್ಯರಲ್ಲದ ಹೆಂಗಸರೇ ತರಬೇತಿ ಪಡೆದು ಇಂಥ ತಾಯಂದಿರಿಗೆ ನೆರವಾಗಬಹುದೆಂದು ಪಾಕಿಸ್ತಾನದ ಹಳ್ಳಿಗಳಲ್ಲಿ ಅತೀಫ್ ರೆಹಮಾನ್ ನಡೆಸಿದ 2008ರ ಪ್ರಯೋಗ ತೋರಿಸಿತು. ಅಲ್ಲಿನ ಆರೋಗ್ಯ ಕಾರ್ಯಕರ್ತೆಯರು ಮನೆಗೇ ಹೋಗಿ ಮಾತಾಡಿಸಿದ್ದರಿಂದ ಖಿನ್ನತೆ ಗಣನೀಯವಾಗಿ ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆ ಆ ವಿಧಾನವನ್ನು 2015ರಲ್ಲಿ ಕೈಪಿಡಿಯಾಗಿಸಿತು. ಒಂದು ಎಚ್ಚರ ಬೇಕು. ಆಘಾತಗೊಂಡವಳನ್ನು ಕೂರಿಸಿಕೊಂಡು ನಡೆದದ್ದನ್ನೆಲ್ಲ ಹೇಳೆಂದು ಒತ್ತಾಯಿಸುವುದು ಉಪಕಾರವಲ್ಲ. ಅವಳಾಗಿ ಹೇಳಿದಾಗ ಕೇಳಬೇಕು. ನೆನಪುಗಳು ಕಾಡುತ್ತಲೇ ಇದ್ದರೆ ತರಬೇತಿ ಪಡೆದ ಮನೋವೈದ್ಯರ ಕೈಗೆ ಒಪ್ಪಿಸಬೇಕು.

ಆ ಕೈ ಎಲ್ಲಿದೆ ಎಂಬುದು ಬೆಳಕವಾಡಿಯವರ ಮುಂದಿನ ಪ್ರಶ್ನೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯದ ಕ್ಲಿನಿಕ್ ನಡೆಸುವ ವ್ಯವಸ್ಥೆಯಿದೆ. ಮನೆಯಿಂದ ಹೊರಡಲಾಗದವರಿಗೆ 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ಇದೆ. ಹಗಲು ರಾತ್ರಿ, ಕನ್ನಡದಲ್ಲಿ, ಪುಕ್ಕಟೆ. ತೀವ್ರ ಕಾಯಿಲೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಪ್ರಭಾ ಚಂದ್ರ ಅವರ ಮುಂದಾಳತ್ವದಲ್ಲಿ 2009ರಲ್ಲಿ ಶುರುವಾದ ತಾಯಿ-ಮಗು ಘಟಕವಿದೆ. ದೇಶದಲ್ಲಿ ಮೊದಲನೆಯದಾದ ಈ ಘಟಕದಲ್ಲಿ ಬಾಣಂತಿಯನ್ನು ಮಗುವಿನ ಸಮೇತ ದಾಖಲಿಸಿಕೊಳ್ಳುತ್ತಾರೆ. ಮನೆಯ ಹೆಂಗಸೊಬ್ಬಳು ಜೊತೆಗಿರುತ್ತಾಳೆ. ತಾಯಿ ಔಷಧಿ ಪಡೆಯುತ್ತಲೇ ಮಗುವಿಗೆ ಹಾಲೂಡಿಸುವುದನ್ನು, ಸ್ನಾನ ಮಾಡಿಸುವುದನ್ನು ಮತ್ತೆ ರೂಢಿ ಮಾಡಿಕೊಳ್ಳುತ್ತಾಳೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯೂ ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದು ಎನ್ನುತ್ತದೆ. ತಲೆ ಕೆಟ್ಟಿದೆ, ಮಗುವನ್ನು ಅವಳ ಕೈಗೆ ಕೊಡಬೇಡಿ ಎನ್ನುವ ಮನೆಗಳಿಗೆ ಈ ಕಾನೂನು ಗೊತ್ತಿರಬೇಕು. ಮಗುವಿಗೆ ಅಪಾಯವಿದ್ದಾಗ ಕಾವಲು ಬೇಕು ನಿಜ. ಶಾಶ್ವತವಾಗಿ ದೂರ ಮಾಡುವುದು ಬೇರೆ ಮಾತು.

ದೀರ್ಘ ಕಾಯಿಲೆಯೊಂದಿಗೆ ಬದುಕುವುದು ದಿನನಿತ್ಯದ ಶಿಸ್ತು. ಶೀಹಾನ್ ಇರುವವಳು ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ಒಂದು ದಿನವೂ ತಪ್ಪಿಸುವಂತಿಲ್ಲ. ಜ್ವರ ಬಂದರೆ ವೈದ್ಯರು ಮೊದಲೇ ಹೇಳಿಕೊಟ್ಟಂತೆ ಪ್ರಮಾಣ ಹೆಚ್ಚಿಸಬೇಕು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್ನಿಗೆ ಆಸ್ಪತ್ರೆಗೆ ಓಡಬೇಕು. ಜಾತ್ರೆ, ಮದುವೆ, ಕೊಯ್ಲಿನ ಗಲಾಟೆಯಲ್ಲಿ ಮಾತ್ರೆ ಮರೆತು ಪ್ರಜ್ಞೆ ತಪ್ಪುವುದು ಇವಳಿಗಿರುವ ದೊಡ್ಡ ಅಪಾಯ. ಆದ್ದರಿಂದ ಗಂಡನಿಗೂ ಅತ್ತೆಗೂ ಈ ನಿಯಮ ಬಾಯಿಪಾಠವಾಗಿರಬೇಕು. ಬಿಪಿ, ಸಕ್ಕರೆ ಏರಿದ್ದವರಿಗೆ ಆರನೇ ವಾರದಲ್ಲಿ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಬೇಕು. ಸರಿಯಾದ ಔಷಧಿ ಸಿಕ್ಕವರಲ್ಲಿ ಹೆಚ್ಚಿನವರು ಗದ್ದೆ, ರೇಷ್ಮೆ, ಮನೆ ಎಲ್ಲವನ್ನೂ ಮತ್ತೆ ನಿಭಾಯಿಸುತ್ತಾರೆ. ಮೊದಲಿನಂತೆಯೇ ಆಗಬೇಕೆಂಬ ಹಟ ಮಾತ್ರ ಬೇಡ. ಕೆಲವರು ಮೊದಲಿನಷ್ಟು ದುಡಿಯಲಾರರು. ಅವರಿಗೆ ತಕ್ಕಂತೆ ಕೆಲಸ ಹಂಚಿಕೊಳ್ಳುವ ಮನೆಯಲ್ಲಿ ಕಾಯಿಲೆ ಉಳಿದರೂ ಬದುಕು ನಿಲ್ಲುವುದಿಲ್ಲ.

ಕೊನೆಯದು ಮುಂದಿನ ಬಸುರಿನ ವಿಚಾರ. ಒಂದು ಸಲ ಬಾಣಂತಿ ಸನ್ನಿಗೆ ಒಳಗಾದವಳಿಗೆ ಮುಂದಿನ ಹೆರಿಗೆಯಲ್ಲಿ ಅದು ಮರುಕಳಿಸುವ ಸಂಭವ ಸುಮಾರು ಮೂವರಲ್ಲಿ ಒಬ್ಬರಿಗೆ ಅಥವಾ ಅದಕ್ಕೂ ಹೆಚ್ಚು. ರಕ್ತಸ್ರಾವವೂ ಒಮ್ಮೆ ಆದವರಿಗೆ ಮತ್ತೆ ಆಗುವ ಅಪಾಯ ಹೆಚ್ಚು. ಇದರರ್ಥ ಇನ್ನೊಂದು ಮಗು ಬೇಡವೆಂದಲ್ಲ. ಹಿಮೊಗ್ಲೋಬಿನ್ ತುಂಬಿಕೊಳ್ಳುವಷ್ಟು ಅಂತರ ಬೇಕು, ಬಸುರಾಗುವ ಮೊದಲೇ ವೈದ್ಯರನ್ನು ಕಾಣಬೇಕು, ತಾಯಿ ಕಾರ್ಡಿನಲ್ಲಿ ಹಿಂದಿನ ತೊಡಕನ್ನು ಬರೆಸಬೇಕು, ರಕ್ತನಿಧಿ ಇರುವ ಆಸ್ಪತ್ರೆಯಲ್ಲೇ ಹೆರಿಗೆಯೆಂದು ಮುಂಚೆಯೇ ಗೊತ್ತುಮಾಡಬೇಕು. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಬಸುರಿಯರ ಉಚಿತ ತಪಾಸಣೆ ಇಂಥವರನ್ನು ಗುರುತಿಸಲೆಂದೇ ಇದೆ. ಇನ್ನು ಹೆರುವುದೇ ಬೇಡ ಎಂದು ಅವಳು ತೀರ್ಮಾನಿಸಿದರೆ ಅದೂ ಅವಳದೇ ಹಕ್ಕು. ವಂಶಕ್ಕೊಂದು ಗಂಡು ಬೇಕೆಂಬ ಮಾತನ್ನು ಆ ತೀರ್ಮಾನದ ಮುಂದೆ ತರುವ ಅಧಿಕಾರ ಮನೆಯ ಯಾರಿಗೂ ಇಲ್ಲ.